ಮೂರನೆಯ ಬಟ್ಟಲು

ಅಪ್ಪ ಮೈಸೂರಿನಲ್ಲಿ ತೀರಿಕೊಂಡಾಗ ನಾನು ದೋಹಾದ ಮುಶೈರಿಬ್ ಬಡಾವಣೆಯಲ್ಲಿದ್ದೆ. ತೊಂಬತ್ತರ ದಶಕದ ನಡುವಿನ ಮಾತು. ಈದ್ ರಜೆ ಬೇರೆ. ಆ ದೇಶ ಬಿಟ್ಟು ಹೊರಡಲು ಬೇಕಾದ ನನ್ನ ಎಕ್ಸಿಟ್ ಪರ್ಮಿಟ್‌ಗೆ ಸಹಿ ಹಾಕಬೇಕಾದ ಪುಣ್ಯಾತ್ಮ ಊರಲ್ಲೇ ಇರಲಿಲ್ಲ. ನನ್ನವರು ಎಲ್ಲಿ ಹೋಗಿ ಕೇಳಿದರೂ ‘ಬುಕ್ರಾ’, ನಾಳೆ ಬನ್ನಿ ಎನ್ನುತ್ತಿದ್ದರು. ಆ ನಾಳೆ ಬರುವಷ್ಟರಲ್ಲಿ ಅಪ್ಪ ಬೂದಿಯಾಗಿದ್ದರು. ಒಬ್ಬಳೇ ಮಗಳು ನಾನು. ಆ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಹತ್ತನೆಯ ದಿನ ಚಿಕ್ಕಪ್ಪ ಫೋನ್ ಮಾಡಿದರು. ಕಾವೇರಿ ದಡದಲ್ಲಿ ಪಿಂಡ ಇಟ್ಟು ಕಾದರಂತೆ. ಕಾಗೆಗಳು ಸುತ್ತ ಬಂದು ಕೂತವೇ ಹೊರತು ಒಂದೂ ಮುಟ್ಟಲಿಲ್ಲವಂತೆ. ಹೋದವರಿಗೆ ಏನೋ ಆಸೆ ಉಳಿದಿದೆ ಎಂದು ಅದರ ಅರ್ಥ. ಅಮ್ಮನನ್ನು ನೋಡಿಕೊಳ್ಳುತ್ತೇವೆ ಎಂದು ಒಬ್ಬೊಬ್ಬರಾಗಿ ಮಾತು ಕೊಟ್ಟರೂ ಆಗಲಿಲ್ಲ. ಕೊನೆಗೆ ದರ್ಭೆಯಲ್ಲೇ ಒಂದು ಕಾಗೆ ಮಾಡಿ ಮುಟ್ಟಿಸಿ ಎದ್ದು ಬಂದರಂತೆ.

"ಅಣ್ಣ ನಿನ್ನ ದಾರಿ ಕಾಯ್ತಿದಾನೆ ಕಣೇ," ಎಂದರು ಚಿಕ್ಕಪ್ಪ. "ಅಲ್ಲೇ ಒಂದು ಹಿಡಿ ಅನ್ನಕ್ಕೆ ಎಳ್ಳು ಕಲಸಿ ಹೊರಗಿಡು. ಹೋಗಪ್ಪ ಅಂತ ಬಾಯಿಬಿಟ್ಟು ಹೇಳು. ಇಲ್ದಿದ್ರೆ ಅವನು ಅಲೀತಾನೇ ಇರ್ತಾನೆ."

ಹೂಂ ಎಂದೆ. ಇಡಲಿಲ್ಲ. ನನ್ನವರು ದಿನಾ "ಇಟ್ಯಾ?" ಎಂದು ಕೇಳುವರು, ನಾನು ಪಾತ್ರೆ ಕುಕ್ಕುವೆ. ಮುಖವನ್ನೇ ನೋಡದೆ ಕಳಿಸಿಕೊಡು ಎಂದರೆ ಹೇಗೆ ಕಳಿಸಲಿ?

ಅದಾಗಿ ಬಂದ ಹುಣ್ಣಿಮೆಯ ದಿನ, ಮಧ್ಯಾಹ್ನ, ಪಕ್ಕದ ಮನೆಯಾಕೆ ಬಾಗಿಲು ತಟ್ಟಿದಳು. ಪೆನಾಂಗ್ ಕಡೆಯ ಚೀನೀ ಹೆಂಗಸು, ನಮ್ಮ ಬಾಲ್ಕನಿಗೆ ತಾಗಿದ ಬಾಲ್ಕನಿ ಅವಳದು. ಅಪ್ಪ ಹೋದ ಸುದ್ದಿ ಅವಳಿಗೆ ಗೊತ್ತಿರಲಿಲ್ಲ. ಆ ಕಟ್ಟಡದಲ್ಲಿ ನಾನು ಯಾರಿಗೂ ಹೇಳಿರಲಿಲ್ಲ. ಅವಳ ಕೈಯ ತಟ್ಟೆಯಲ್ಲಿ ಮೂರು ಬಟ್ಟಲುಗಳಿದ್ದವು. ಅವರ ಹೊಸ ವರ್ಷದ ಹಬ್ಬಕ್ಕೆ ಅಂದು ಕೊನೆಯ ದಿನವಂತೆ. ಶುಂಠಿ ಹಾಕಿದ ಬೆಲ್ಲದ ನೀರಿನಲ್ಲಿ ಅಂಟಕ್ಕಿ ಹಿಟ್ಟಿನ ಬಿಳಿ ಉಂಡೆಗಳು. ಬೇಯುವಾಗ ಒಂದು ಒಡೆದು, ಒಳಗಿನ ಕರಿ ಎಳ್ಳು ಹೊರಗೆ ಬಂದಿತ್ತು.

ಅಕ್ಕಿಯ ಉಂಡೆ, ಕರಿ ಎಳ್ಳು. ಅದನ್ನು ಮನೆಬಾಗಿಲಿಗೆ ತಂದುಕೊಟ್ಟು ನಗುತ್ತಿದ್ದಾಳೆ.

"ಮನೆಯವರೆಲ್ಲ ಒಟ್ಟಿಗೇ ಇರಲಿ ಅಂತ ದುಂಡಗೆ ಮಾಡೋದು," ಎಂದು ಇಂಗ್ಲಿಷಿನಲ್ಲಿ ವಿವರಿಸಿದಳು.

"ನಾವಿರೋದು ಇಬ್ಬರೇ," ಎಂದೆ.

"ಅಂಕಲ್ ಬಂದಿದಾರಲ್ಲ? ಬಾಲ್ಕನಿಯಲ್ಲಿ ಇರ್ತಾರಲ್ಲ? ಅವರಿಗೊಂದು ಕುರ್ಚಿ ಕೊಡಿ, ಪಾಪ. ಬಕೆಟ್ ಬೋರಲು ಹಾಕ್ಕೊಂಡು ಕೂರ್ತಾರೆ."

ಮೈಸೂರಿನ ಮನೆಯಲ್ಲಿ ಎಷ್ಟು ಕುರ್ಚಿಗಳಿದ್ದರೂ ಅಪ್ಪ ಹಿತ್ತಲ ನಲ್ಲಿಯ ಹತ್ತಿರ ಬಕೆಟ್ ಬೋರಲು ಹಾಕಿ, ಅದರ ಮೇಲೆ ಕೂತೇ ಕಾಫಿ ಕುಡಿಯುತ್ತಿದ್ದರು. ಅಮ್ಮ ದಿನಾ ಬೈಯುತ್ತಿದ್ದಳು. ಇದನ್ನು ನಾನು ಈ ಹೆಂಗಸಿಗೆ ಯಾವತ್ತೂ ಹೇಳಿದವಳಲ್ಲ.

ಬಾಗಿಲು ಹಾಕಿ ಬಾಲ್ಕನಿಗೆ ಹೋದೆ. ಬೆಳಿಗ್ಗೆ ಬಟ್ಟೆ ಒಣಹಾಕಿ ನೆಟ್ಟಗೆ ಇಟ್ಟಿದ್ದ ಬಕೆಟ್ ಬೋರಲಾಗಿತ್ತು. ಅದರ ಮೇಲೆ ಯಾರೂ ಇರಲಿಲ್ಲ. ಹೆದರಿಕೆಯಾಯಿತು, ಇಲ್ಲವೆನ್ನುವುದಿಲ್ಲ. ಆದರೆ ಹೆದರಿಕೆಗಿಂತ ಹೆಚ್ಚಾಗಿ ಜೀವಕ್ಕೆ ಹಾಯೆನಿಸಿತು. ಯಾರ ಸಹಿಯೂ ಬೇಕಾಗದೆ ಅಪ್ಪ ನನ್ನ ಹತ್ತಿರ ಬಂದಿದ್ದರು.

ಸಂಜೆ ಆಫೀಸಿನಿಂದ ಬಂದ ನನ್ನವರು ಇದನ್ನೆಲ್ಲ ಕೇಳಿ ಬಿಳಿಚಿಕೊಂಡರು. "ಅಕ್ಕಿ, ಎಳ್ಳು ಎರಡೂ ಇದೆಯಲ್ಲ. ಅವರ ಬಟ್ಟಲು ಹೊರಗಿಟ್ಟುಬಿಡು. ಹೋಗಪ್ಪ ಅಂದ್ಬಿಡು. ಖಲಾಸ್."

"ಖಲಾಸ್ ಅಂತೆ. ನಿಮ್ಮಪ್ಪ ಆಗಿದ್ರೆ ಹೀಗೇ ಹೇಳ್ತಿದ್ರಾ?"

ಅಂದೆನಾದರೂ ಬಟ್ಟಲು ಹಿಡಿದು ಹೋದೆ. ಇನ್ನೂ ಬಿಸಿಲಿತ್ತು. ಬಕೆಟ್ಟಿನ ಮುಂದೆ ನಿಂತೆ. ಹೊರಟವರಿಗೆ ಹೋಗಿ ಬನ್ನಿ ಎಂದೇ ಹೇಳಿ ಅಭ್ಯಾಸವಾದ ನಾಲಿಗೆ ನನ್ನದು, ಬರೀ ಹೋಗು ಎನ್ನಲು ಹೊರಳಲಿಲ್ಲ. ಇಟ್ಟರೆ ಯಾವುದಾದರೂ ಹಕ್ಕಿ ಬಂದು ಮುಟ್ಟಬಹುದು. ಮುಟ್ಟಿದರೆ ಅಪ್ಪ ಹೊರಟೇಬಿಡುತ್ತಾರೆ. ಒಂದು ಉಂಡೆ ತೆಗೆದು ನನ್ನ ಬಾಯಿಗೇ ಹಾಕಿಕೊಂಡೆ. ಅಂಗುಳಕ್ಕೆ ಅಂಟಿಕೊಂಡಿತು. ಬಿಡಿಸಿ ನುಂಗಿ ಇನ್ನೊಂದು ತೆಗೆದೆ. ಅಳುತ್ತಾ ಅಷ್ಟನ್ನೂ ತಿಂದೆ. ಎಲ್ಲಿಗೂ ಹೋಗಬೇಡಿ, ಇಲ್ಲೇ ಇರಿ ಎಂದೆ.

ಪಕ್ಕದ ಬಾಲ್ಕನಿಯಲ್ಲಿ ಆಕೆ ಒಣಗಿದ ಬಟ್ಟೆ ತೆಗೆಯುತ್ತಾ ನಿಂತಿದ್ದಳು. ನೋಡುತ್ತಲೇ ಇದ್ದಳೆಂದು ಕಾಣುತ್ತದೆ. ಮುಖದಲ್ಲಿ ನಗು ಇರಲಿಲ್ಲ.

"ಅದು ಅಂಕಲ್‌ಗೆ ಅಂತ ತಂದದ್ದು," ಎಂದು ಮೆಲ್ಲಗೆ ಹೇಳಿದಳು. "ಆಗಿನಿಂದ ಕೈ ಚಾಚಿಕೊಂಡೇ ಇದಾರೆ."

ಬಟ್ಟಲಲ್ಲಿ ಬೆಲ್ಲದ ನೀರು ಮಾತ್ರ ಉಳಿದಿತ್ತು.