ಕಿಟಕಿ ಕಟ್ಟೆಯ ಮೇಲೆ ಬಿಟ್ಟ ಕರಡಿಗೆ

ಈಗ ನಾನು ತುಮಕೂರಿನ ನನ್ನ ಕೋಣೆಯಲ್ಲಿ ಮೊಬೈಲನ್ನು ಗೋಡೆಗೆ ಒರಗಿಸಿಟ್ಟು ಯೋಗ ಮಾಡುತ್ತೇನೆ. ಪರದೆಯ ಮೇಲಿನ ಹುಡುಗಿ ತಪ್ಪಿಲ್ಲದೆ ಎಣಿಸುತ್ತಾಳೆ. ಗುಬ್ಬಿಯ ಟೀಚರ್ ಹಾಗೆ ಎಣಿಸುತ್ತಿರಲಿಲ್ಲ. ನಾಲ್ಕು ಎನ್ನುವ ಹೊತ್ತಿಗೆ ಯಾರದೋ ಬೆನ್ನು ಕಣ್ಣಿಗೆ ಬಿದ್ದು, "ಏನ್ಲೇ, ಸೊಂಟಕ್ಕೆ ಸಿಮೆಂಟ್ ಹಾಕ್ಸಿದೀಯಾ?" ಎಂದು ಗದರಿ, ಮತ್ತೆ ಎರಡರಿಂದ ಶುರು ಮಾಡುತ್ತಿದ್ದರು. ಉಸಿರು ಹಿಡಿದು ಮಲಗಿದ್ದ ನಾವೆಲ್ಲ ಒಟ್ಟಿಗೆ ನಕ್ಕು ಉಸಿರು ಬಿಟ್ಟುಬಿಡುತ್ತಿದ್ದೆವು. ತಪ್ಪು ತಪ್ಪಾದ ಆ ಎಣಿಕೆ ಈಗಲೂ ಬೇಕೆನಿಸುತ್ತದೆ.

ಆಗ ಗುಬ್ಬಿಯಲ್ಲಿ ಅಜ್ಜಿಯ ಜೊತೆಗಿದ್ದೆ. ರೈಲಿನಲ್ಲಿ ತುಮಕೂರಿಗೆ ಹೋಗಿ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿ ರಸಾಯನಶಾಸ್ತ್ರ ಕಲಿಸಿ ಬರುತ್ತಿದ್ದೆ. ಮುಂದಿನ ವರ್ಷ ಕರೆಯುತ್ತಾರೋ ಇಲ್ಲವೋ ಎಂಬ ಯೋಚನೆ ತಲೆಯಿಂದ ಇಳಿಯುತ್ತಿರಲಿಲ್ಲ. ಕುತ್ತಿಗೆ ಎಡಕ್ಕೆ ತಿರುಗುವುದನ್ನೇ ನಿಲ್ಲಿಸಿತು. ಡಾಕ್ಟರು ಎರಡು ವಾರಕ್ಕೆ ಮಾತ್ರೆ ಬರೆದು, ಯೋಗಕ್ಕೆ ಸೇರಿಕೊಳ್ಳಿ ಎಂದರು. ಹಾಗೆ ಸೇರಿದ್ದು ದಿನಸಿ ಅಂಗಡಿಯ ಮೇಲಿನ ಹಾಲಿನಲ್ಲಿ ಬೆಳಿಗ್ಗೆ ಆರಕ್ಕೆ ನಡೆಯುತ್ತಿದ್ದ ಹೆಂಗಸರ ಕ್ಲಾಸಿಗೆ. ಟೀಚರ್ ಕುಣಿಗಲ್ ಕಡೆ, ಮಾರ್ಕೋನಹಳ್ಳಿಯವರು.

ನನಗೆ ಕಷ್ಟವಾಗುತ್ತಿದ್ದದ್ದು ಬೋರಲು ಮಲಗುವ ಆಸನಗಳಲ್ಲಿ. ನಮ್ಮ ಮನೆಯಲ್ಲಿ ಎಲ್ಲರ ಕೊರಳಲ್ಲೂ ಇಷ್ಟಲಿಂಗವಿರುತ್ತದೆ, ಬೆಳ್ಳಿಯ ಪುಟ್ಟ ಕರಡಿಗೆಯೊಳಗೆ. ಭುಜಂಗಾಸನಕ್ಕೆ ಮಲಗಿದರೆ ಅದು ಎದೆಯ ಮೂಳೆಗೆ ಒತ್ತುತ್ತದೆ. ಕ್ಲಾಸಿನಲ್ಲಿದ್ದ ಬೇರೆ ಲಿಂಗಾಯತ ಹೆಂಗಸರು ದಾರ ಎಳೆದು ಕರಡಿಗೆಯನ್ನು ಬೆನ್ನಿನ ಮೇಲೆ ಹಾಕಿಕೊಂಡು ಮಾತು ಮುಂದುವರಿಸುತ್ತಿದ್ದರು. ಎಲ್ಲರ ಎದುರು ಕುರ್ತಾದ ಕೊರಳೊಳಗೆ ಕೈ ಹಾಕುವುದು ನನ್ನಿಂದಾಗಲಿಲ್ಲ. ಎಲ್ಲರಿಗಿಂತ ಮೊದಲು ಹೋಗಿ ಅದನ್ನು ತೆಗೆದು, ಕರವಸ್ತ್ರದಲ್ಲಿ ಸುತ್ತಿ, ಕಿಟಕಿಯ ಕಟ್ಟೆಯ ಮೇಲಿಡುತ್ತಿದ್ದೆ. ಲಿಂಗ ಮೈಯಿಂದ ಅಗಲಬಾರದೆಂದು ಗೊತ್ತಿತ್ತು. ಒಂದು ಗಂಟೆ ತಾನೇ ಎಂದುಕೊಂಡಿದ್ದೆ. ಅಜ್ಜಿಗೆ ಮಾತ್ರ ಹೇಳಿರಲಿಲ್ಲ. ಆ ದಾರ ಕಟ್ಟಿದ್ದು ಅವರೇ.

ಪ್ರಾಕ್ಟಿಕಲ್ ಪರೀಕ್ಷೆಯ ದಿನ ರೈಲಿನ ಅವಸರದಲ್ಲಿ ಕರಡಿಗೆಯನ್ನು ಅಲ್ಲೇ ಬಿಟ್ಟು ಬಂದೆ. ಗೊತ್ತಾದದ್ದು ಹನ್ನೊಂದು ಗಂಟೆಗೆ, ಲ್ಯಾಬಿನಲ್ಲಿ. ಗಾಬರಿಯಾದಾಗ ದಾರ ಹಿಡಿದುಕೊಳ್ಳುವುದು ನನಗೆ ಚಿಕ್ಕಂದಿನ ಅಭ್ಯಾಸ. ಅಂದು ಕೈಗೆ ಬರೀ ಬಟ್ಟೆ ಸಿಕ್ಕಿತು. ಮಧ್ಯಾಹ್ನ ಆ ಹಾಲಿನಲ್ಲಿ ಹೊಲಿಗೆ ತರಗತಿ ನಡೆಯುತ್ತಿತ್ತು, ಯಾರು ಯಾರೋ ಬಂದು ಹೋಗುತ್ತಿದ್ದರು. ಬೆಳ್ಳಿ ಹೋದರೆ ಹೋಗಲಿ, ಒಳಗಿನ ಲಿಂಗವನ್ನು ಎಲ್ಲಿ ಎಸೆಯುತ್ತಾರೋ ಎಂಬುದೇ ಭಯ. ಪರೀಕ್ಷೆ ಬಿಟ್ಟು ಬರುವ ಹಾಗಿರಲಿಲ್ಲ. ಫೋನ್ ಮಾಡೋಣವೆಂದರೆ ಟೀಚರ್ ನಂಬರ್ ನನ್ನ ಹತ್ತಿರ ಇರಲಿಲ್ಲ. ಕ್ಲಾಸಿನ ವಾಟ್ಸ್‌ಆ್ಯಪ್ ಗುಂಪಿಗೆ ಸೇರದೆ ತಪ್ಪಿಸಿಕೊಂಡಿದ್ದೆ.

ದಿನದ ಪೂಜೆಯನ್ನು ಅಜ್ಜಿಯ ಸಮಾಧಾನಕ್ಕೆಂದು ಮಾಡುತ್ತಿದ್ದವಳು ನಾನು. ಲಿಂಗವಿಲ್ಲದೆ ನೀರನ್ನೂ ಮುಟ್ಟಬಾರದು ಎಂಬುದು ಹಳೇ ಕಾಲದ ಮಾತೆಂದುಕೊಂಡಿದ್ದೆ. ಆ ದಿನ ಬಾಟಲಿಯ ಮುಚ್ಚಳ ತೆಗೆದು, ಹಾಗೇ ಮುಚ್ಚಿದೆ. ಊಟದ ಡಬ್ಬಿಯನ್ನೂ ತೆರೆಯಲಾಗಲಿಲ್ಲ.

ಸಂಜೆ ಗುಬ್ಬಿಯಲ್ಲಿಳಿದು ಹೆಚ್ಚುಕಡಿಮೆ ಓಡಿದೆ. ಹಾಲಿನ ಬಾಗಿಲು ತೆರೆದಿತ್ತು. ಕಿಟಕಿಯ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಟೀಚರ್ ಕೂತಿದ್ದರು. ಕರವಸ್ತ್ರದ ಗಂಟು ನಾನಿಟ್ಟಲ್ಲೇ ಇತ್ತು.

"ಬಂದ್ಯಾ ತಾಯಿ," ಎಂದರು. "ಬೆಳಗ್ಗಿಂದ ಇದನ್ನ ಕಾಯ್ಕೊಂಡು ಕೂತಿದೀನಿ ಕಣೇ."

ನಾನು ದಿನಾ ಅದನ್ನು ಅಲ್ಲಿಡುವುದನ್ನು ಅವರು ನೋಡಿದ್ದರಂತೆ. ಇನ್ನೊಬ್ಬರ ಲಿಂಗ ಮುಟ್ಟಬಾರದೆಂದೂ ಕೇಳಿದ್ದರಂತೆ. ಅದರ ಮೇಲೆ ತಾವು ಬೇರೆ ಜಾತಿ. ಮನೆಗೆ ತೆಗೆದುಕೊಂಡು ಹೋಗಲು ಧೈರ್ಯ ಬರಲಿಲ್ಲ, ಬಿಟ್ಟು ಹೋಗಲು ಮನಸ್ಸೂ ಬರಲಿಲ್ಲ. ಗುಂಪಿನಲ್ಲಿ ವಿಚಾರಿಸಿದರೆ ನನ್ನ ಮನೆ ಎಲ್ಲಿದೆಯೆಂದು ಒಬ್ಬರಿಗೂ ಗೊತ್ತಿರಲಿಲ್ಲ. ಹೊಲಿಗೆಯ ಹುಡುಗಿಯರು ಹೋಗುವವರೆಗೂ ಆ ಕುರ್ಚಿಯನ್ನು ಕಿಟಕಿಯ ಬಳಿಯಿಂದ ಕದಲಿಸಿರಲಿಲ್ಲ.

"ಉಂಡ್ಯಾ?" ಎಂದು ಕೇಳಿದರು.

ಇಲ್ಲವೆಂದು ತಲೆಯಾಡಿಸಿದೆ.

"ನಾನು ಉಂಡೆ ಬುಡು. ಕೆಳಗಡೆ ಹೋಟ್ಲಿಂದ ಚಿತ್ರಾನ್ನ ತರಿಸ್ಕೊಂಡೆ. ನಿಮ್ ದೇವ್ರು ನೋಡ್ತಾನೇ ಇತ್ತು."

ನಗು ಬಂತು, ಅದರ ಹಿಂದೆಯೇ ಅಳುವೂ. ಕರಡಿಗೆಯನ್ನು ಕಣ್ಣಿಗೊತ್ತಿಕೊಂಡು ಕೊರಳಿಗೆ ಹಾಕಿಕೊಳ್ಳುವಾಗ ಟೀಚರ್ ರಸ್ತೆಯಲ್ಲಿ ಏನೋ ಇದೆಯೆಂಬಂತೆ ಕಿಟಕಿಯ ಆಚೆ ನೋಡುತ್ತ ನಿಂತರು. ಆಮೇಲೆ ನಾನು ಬಾಟಲಿಯ ನೀರನ್ನೆಲ್ಲ ನಿಂತಲ್ಲೇ ಕುಡಿದು ಮುಗಿಸಿದೆ. ಹೊಲಿಗೆಯ ಹುಡುಗಿಯರು ಹಾಗೇ ಬಿಟ್ಟುಹೋಗಿದ್ದ ಕುರ್ಚಿಗಳನ್ನು ಒಂದರ ಮೇಲೊಂದು ಜೋಡಿಸಿಟ್ಟೆ.

ಮನೆಯಲ್ಲಿ ಮುದ್ದೆ, ಬಸ್ಸಾರು. ಒಂದು ಮುದ್ದೆ ಮುಗಿಸಿ ತಟ್ಟೆಯನ್ನು ಮತ್ತೆ ಮುಂದೆ ಚಾಚಿದೆ. ಅಜ್ಜಿ ನನ್ನ ಮುಖ ನೋಡಿದರು.

"ಏನೇ ಇದು, ಮೂರು ದಿನದಿಂದ ಉಂಡಿಲ್ದೋರ ಥರ?"

ಹೇಳಿಬಿಡಬೇಕೆಂದು ಬಾಯಿ ತೆರೆದೆ. ಸಂಜೆಯೂ ಯೋಗ ಇತ್ತು ಎಂದೆ.

"ಹಂಗಾದ್ರೆ ದಿನಾ ಸಂಜೆನೂ ಹೋಗು ಬುಡು," ಎಂದು ಅಜ್ಜಿ ಇನ್ನೊಂದು ಮುದ್ದೆ ಹಾಕಿದರು.