ಬಳಪದ ಡಬ್ಬಿ

ವಿಶಾಲಾಕ್ಷಮ್ಮನಂಥ ಜುಗ್ಗ ಟೀಚರು ಇಡೀ ಕೊಡಗು ರಾಜ್ಯದಲ್ಲೇ ಇನ್ನೊಬ್ಬರಿಲ್ಲ ಎಂದು ಕುಶಾಲನಗರದ ಆಚೀಚೆಯ ಹಳ್ಳಿಗಳಲ್ಲಿ ಮಾತಿತ್ತು. ಊಟ ತಿಂಡಿಯಲ್ಲಿ ಜುಗ್ಗತನವಿರಲಿಲ್ಲ. ಮನೆಗೆ ಬಂದವರಿಗೆ ಲೋಟದ ತುಂಬ ಕಾಫಿ ಕೊಡುವವಳೇ. ಅವಳ ಜುಗ್ಗತನವೆಲ್ಲ ಬಳಪದ ಮೇಲೆ. ವರ್ಷಕ್ಕೊಂದು ಸಲ ಮಡಿಕೇರಿಯಿಂದ ಬರುವ ಬಳಪದ ಪೆಟ್ಟಿಗೆ ಮೂವತ್ತೆಂಟು ಮಕ್ಕಳಿಗೆ ಯುಗಾದಿಯವರೆಗೆ ಬಾಳಬೇಕಲ್ಲ! ಅದಕ್ಕೇ ಅವಳು ತರಗತಿಯಲ್ಲಿ ಎರಡು ಪದ್ಧತಿ ಇಟ್ಟಿದ್ದಳು. ಒಣ ಬಳಪ ಸ್ಲೇಟಿನ ಮೇಲೆ ಕೀರುತ್ತದೆ, ಬೇಗ ಸವೆಯುತ್ತದೆ. ನಾಲಿಗೆಗೆ ಒತ್ತಿಕೊಂಡು ಬರೆದರೆ ಅಕ್ಷರ ಎದ್ದು ಕಾಣುತ್ತದೆ. ಇದು ಒಂದು. ಸಂಜೆ ಗಂಟೆ ಹೊಡೆದಾಗ ಎಲ್ಲರೂ ತಮ್ಮ ತುಂಡು ಬಳಪವನ್ನು ಮೇಜಿನ ಮೇಲಿನ ಬಿಸ್ಕತ್ತಿನ ಡಬ್ಬಿಗೆ ಹಾಕಿ ಹೋಗಬೇಕು, ಬೆಳಿಗ್ಗೆ ಕೈಗೆ ಸಿಕ್ಕಿದ್ದನ್ನು ತೆಗೆದುಕೊಳ್ಳಬೇಕು. ಇದು ಎರಡು. ಹತ್ತು ವರ್ಷ ಈ ಪದ್ಧತಿ ನಡೆಯಿತು. ತಪಾಸಣೆಗೆ ಬಂದ ಇನ್ಸ್‌ಪೆಕ್ಟರೂ ಭೇಷ್ ಅಂದಿದ್ದರು.

ಡಬ್ಬಿಗೆ ಬಳಪ ಹಾಕದೆ ಮೊಂಡು ಹಿಡಿಯುತ್ತಿದ್ದವಳು ಗೌರಿ ಒಬ್ಬಳೇ. ಅಪ್ಪ ಪುಟ್ಟಸ್ವಾಮಿ ಪಿರಿಯಾಪಟ್ಟಣದ ಸಂತೆಯಿಂದ ತಂದ ಉದ್ದನೆಯ ಬಳಪ ಅವಳದು. ಕಳೆದುಹೋಗದಿರಲಿ ಎಂದು ಅವ್ವ ಚಲುವಮ್ಮ ಅದರ ತುದಿಗೆ ಹಳದಿ ದಾರ ಸುತ್ತಿ ಕಟ್ಟಿದ್ದಳು. ದೀಪಾವಳಿ ಕಳೆದು ಚಳಿ ಬಿದ್ದ ವಾರ ಗೌರಿ ಮಧ್ಯಾಹ್ನದ ಪಾಠದಲ್ಲೇ ಸ್ಲೇಟಿನ ಮೇಲೆ ತಲೆಯಿಟ್ಟು ಮಲಗಿಬಿಟ್ಟಳು. ಮೈ ಕೆಂಡದಂತಿತ್ತು. ಪುಟ್ಟಸ್ವಾಮಿ ಬಂದು ಹೆಗಲಿಗೆ ಹಾಕಿಕೊಂಡು ಹೋದ. ಕೆಳಗೆ ಬಿದ್ದಿದ್ದ ಬಳಪವನ್ನು ಎತ್ತಿ ಡಬ್ಬಿಗೆ ಹಾಕಿದವಳು ವಿಶಾಲಾಕ್ಷಮ್ಮನೇ.

ಐದನೆಯ ದಿನ ಗೌರಿ ಹೋದಳು. ಗಂಟಲಲ್ಲಿ ಬೂದಿ ಬಣ್ಣದ ಪೊರೆ ಕಟ್ಟಿತ್ತಂತೆ, ಉಸಿರಾಡಿದರೆ ಗರಗಸ ಎಳೆದ ಸದ್ದು ಬರುತ್ತಿತ್ತಂತೆ. ಗಂಟಲುಮಾರಿ ಎಂದು ಮುದುಕಿಯರು ಪಿಸುಗುಟ್ಟಿದರು. ಮುಂದಿನ ವಾರ ಕೆಳಗಿನ ಬೀದಿಯ ಇಬ್ಬರು ಹುಡುಗರು ಹೋದರು.

ವಿಶಾಲಾಕ್ಷಮ್ಮ ಹೆಡ್‌ಮಾಸ್ಟರ್ ಕೃಷ್ಣಪ್ಪನವರ ಮುಂದೆ ನಿಂತಳು. "ಒಂದು ತಿಂಗಳು ಸ್ಕೂಲ್ ಮುಚ್ಚೋಣ ಸಾರ್."

"ತಪಾಸಣೆ ಹತ್ರ ಬಂತು ಕಣಮ್ಮ. ಮಕ್ಕಳೇ ಇಲ್ದೆ ಏನು ತೋರಿಸ್ಲಿ? ಚಳಿಗಾಲ, ಶೀತ ಆಗ್ತದೆ, ಹೋಗ್ತದೆ."

"ಮೂರು ಮಕ್ಕಳು ಹೋದ್ವು ಸಾರ್."

ಕೃಷ್ಣಪ್ಪನವರು ಹಾಜರಿ ಪುಸ್ತಕ ಮುಚ್ಚಿದರು. ಅಂದೇ ಸಂಜೆ ವಿಶಾಲಾಕ್ಷಮ್ಮ ರಾಜೀನಾಮೆ ಬರೆದು ಕೊಟ್ಟು, ತನ್ನ ಒಂಬತ್ತು ವರ್ಷದ ಮಗಳು ಚಿಕ್ಕಿಯನ್ನೂ ಆರು ವರ್ಷದ ಮಗ ಸಣ್ಣಸ್ವಾಮಿಯನ್ನೂ ಕೈ ಹಿಡಿದು ಕರೆದುಕೊಂಡು ಹೊರಟಳು. ಬಿಸ್ಕತ್ತಿನ ಡಬ್ಬಿ ಅವಳ ಮನೆಯದು. ಅದನ್ನೂ ಕಂಕುಳಲ್ಲಿ ಇಟ್ಟುಕೊಂಡಳು. ಹಿಂದೆ ಉಳಿದ ಮಕ್ಕಳು ಜಗಲಿಯಲ್ಲಿ ನಿಂತು ನೋಡುತ್ತಿದ್ದರು. ಒಮ್ಮೆಯೂ ಅವಳು ತಿರುಗಲಿಲ್ಲ. ತಿರುಗಿದ್ದರೆ ಹೋಗಲಾಗುತ್ತಿರಲಿಲ್ಲ.

ಗಂಡ ದೇವರಾಜು ದುಬಾರೆ ಕಾಡಿನ ಮರ ಕಡಿಯುವ ಕೂಪಿನಲ್ಲಿ ಲೆಕ್ಕ ಬರೆಯುವ ರೈಟರು, ಹದಿನೈದು ದಿನಕ್ಕೊಮ್ಮೆ ಬರುವವನು. ಮನೆಯಲ್ಲಿ ಅತ್ತೆ ಹುಚ್ಚಮ್ಮ, ಕಣ್ಣು ಮಂಜಾಗಿ ಬಾಗಿಲ ಮೂಲೆ ಹಿಡಿದವಳು. ನಡುಮನೆಯೇ ಶಾಲೆಯಾಯಿತು. ಹತ್ತು ಗಂಟೆಗೆ ಸೌಟಿನಲ್ಲಿ ಹಿತ್ತಾಳೆ ತಟ್ಟೆ ಬಡಿದರೆ ಪ್ರಾರ್ಥನೆ, ಆಮೇಲೆ ಹಾಜರಿ, ಆಮೇಲೆ ಮಗ್ಗಿ. ಸಣ್ಣಸ್ವಾಮಿಗೆ ಹಿತ್ತಲ ಗಿಡ ಮದ್ದಲ್ಲ; "ನೀನು ಟೀಚರಲ್ಲ, ಅವ್ವ" ಎಂದು ಹಟ. ಚಿಕ್ಕಿ ಹಾಗಲ್ಲ. ಎರಡು ಸಲ ಬರಿ ಎಂದರೆ ಮೂರು ಸಲ ಬರೆಯುವ ಮಗು.

ವಿಶಾಲಾಕ್ಷಮ್ಮ ಬಾಗಿಲಿಗೆ ಬೇವು ಕಟ್ಟಿದಳು, ನೀರು ಕುದಿಸಿದಳು, ಮಕ್ಕಳು ಹೊಸ್ತಿಲು ದಾಟದಂತೆ ಕಣ್ಣಲ್ಲಿ ಕಣ್ಣಿಟ್ಟು ಕಾದಳು. ಅಂಗಡಿಗೆ ಹೋಗಿ ಬಂದರೆ ತಲೆಗೆ ನೀರು ಹುಯ್ದುಕೊಂಡೇ ಒಳಗೆ ಬರುವಳು. ಆದರೂ ಹೆದರಿಕೆ ಗೋಡೆ ದಾಟಿ ಒಳಗೆ ಬರುತ್ತಿತ್ತು. ಅವಳ ಮನೆಯಿಂದ ಶಾಲೆ ಎರಡು ಗದ್ದೆಯಾಚೆ. ಅಲ್ಲಿನ ಪ್ರಾರ್ಥನೆ ಇಲ್ಲಿಗೆ ಕೇಳುತ್ತಿತ್ತು, ಮತ್ತು ಆ ದನಿ ದಿನದಿನಕ್ಕೆ ತೆಳುವಾಗುತ್ತಿತ್ತು. ಇವತ್ತು ಯಾರಿಲ್ಲ ಎಂದು ಅವಳು ದನಿ ಹಿಡಿದೇ ಹೇಳಬಲ್ಲವಳಾಗಿದ್ದಳು. ಹಾಗೆ ಹೇಳಬಲ್ಲೆನಲ್ಲ ಎಂದು ಅವಳಿಗೆ ತನ್ನ ಮೇಲೇ ಅಸಹ್ಯವಾಗುತ್ತಿತ್ತು.

"ಊರ್ ಮಕ್ಕಳ್ನೆಲ್ಲ ಬೀದೀಲಿ ಬಿಟ್ಟು ನಮ್ ಮಕ್ಕಳ್ನ ಸೆರಗಲ್ಲಿ ಮುಚ್ಕೊಂಡಿದ್ದೀಯ," ಎಂದಳು ಹುಚ್ಚಮ್ಮ ಮೂಲೆಯಿಂದ. "ಆ ಮಾರಿ ತಾಯಿ ನೋಡ್ತಾ ಸುಮ್ನಿರ್ತಾಳೇನೆ?"

"ಸುಮ್ನಿರಿ ಅತ್ತೆ," ಎಂದಳು. ಕುದಿಸಿದ ನೀರನ್ನೇ ಇನ್ನೊಮ್ಮೆ ಒಲೆಯ ಮೇಲಿಟ್ಟಳು.

ಏಳನೆಯ ದಿನ ಚಲುವಮ್ಮ ಬಂದಳು. ಗೌರಿಯ ತಂಗಿಯನ್ನು ಕೈಹಿಡಿದುಕೊಂಡು ಅಂಗಳದಲ್ಲಿ ನಿಂತಳು.

"ಟೀಚ್ರಮ್ಮ, ನಂಗ್ ಉಳಿದಿರೋದು ಇವಳೊಬ್ಳೇ. ಅಲ್ಲಿಗ್ ಕಳ್ಸಕ್ಕೆ ಧೈರ್ಯ ಬರಾಕಿಲ್ಲ. ನಿಮ್ ಮಕ್ಕಳ್ ಜತೆ ಒಂದ್ ಮೂಲೇಲಿ ಕೂರಿಸ್ಕಳಿ."

ಗೌರಿಯ ಮನೆಯ ಮಗು. ವಿಶಾಲಾಕ್ಷಮ್ಮ ಬಾಗಿಲನ್ನು ಅರ್ಧಕ್ಕಿಂತ ಹೆಚ್ಚು ತೆರೆಯಲಿಲ್ಲ. "ಇಲ್ಲಿ ಜಾಗ ಇಲ್ಲ ಚಲುವಮ್ಮ."

ಚಲುವಮ್ಮ ಬಾಗಿಲ ಸಂದಿಯಿಂದ ಖಾಲಿ ನಡುಮನೆಯನ್ನು ನೋಡಿದಳು. "ಆಯ್ತು ಬುಡಿ," ಎಂದು ಹೊರಟುಹೋದಳು. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ವಿಶಾಲಾಕ್ಷಮ್ಮನಿಗೆ.

ಅಂದೇ ಮನೆಯಲ್ಲಿದ್ದ ಹೊಸ ಬಳಪ ಮುಗಿದಿತ್ತು. ಅಂಗಡಿಗೆ ಹೋಗುವುದೆಂದರೆ ಮತ್ತೆ ಊರೊಳಗೆ ಹಾಯಬೇಕು, ಇನ್ನು ಅದು ಬೇಡ. ಅವಳು ಅಟ್ಟದಿಂದ ಬಿಸ್ಕತ್ತಿನ ಡಬ್ಬಿ ಇಳಿಸಿ ಇಬ್ಬರ ನಡುವೆ ಇಟ್ಟಳು. ಒಂದು ವರ್ಷಕ್ಕಾಗುವಷ್ಟು ತುಂಡು ಇದ್ದವು. ಉಳಿಸಿದ್ದು ಉಪಯೋಗಕ್ಕೆ ಬಂತು ಎಂದು ಅವಳಿಗೆ ಸಮಾಧಾನವೂ ಆಯಿತು.

ನಾಲ್ಕು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಶಾಲೆಯ ಗಂಟೆ ಹೊಡೆಯಲೇ ಇಲ್ಲ. ಊರು ಕೊಳ್ಳೆ ಹೋದ ಮೇಲೆ ಕೃಷ್ಣಪ್ಪನವರು ಕೋಟೆ ಬಾಗಿಲು ಹಾಕಿದ್ದರು. ವಿಶಾಲಾಕ್ಷಮ್ಮ ಸೌಟು ಹಿಡಿದು ಆ ಮೌನವನ್ನೇ ಕೇಳುತ್ತ ನಿಂತಿದ್ದಾಗ ಸಣ್ಣಸ್ವಾಮಿ ಗಂಜಿ ಲೋಟ ದೂಡಿದ.

"ಅವ್ವ, ನುಂಗಕ್ಕಾಗ್ತಿಲ್ಲ."

ಬಾಗಿಲ ಬೆಳಕಿಗೆ ಎಳೆದು ಬಾಯಿ ತೆರೆಸಿದಳು. ಒಳಗೆ, ಕಿರುನಾಲಿಗೆಯ ಪಕ್ಕದಲ್ಲಿ, ಒಲೆಯ ಬೂದಿ ಅಂಟಿದಂತೆ ಒಂದು ಮಚ್ಚೆ.

ಕುಶಾಲನಗರ ನಾಲ್ಕು ಮೈಲಿ, ಅಲ್ಲಿಂದ ಮಡಿಕೇರಿ ಆಸ್ಪತ್ರೆಗೆ ಬಸ್ಸು. ಹತ್ತಿರದಲ್ಲಿ ಎತ್ತಿನ ಗಾಡಿ ಇದ್ದದ್ದು ಪುಟ್ಟಸ್ವಾಮಿಯದೊಂದೇ. ಯಾವ ಮುಖ ಇಟ್ಟುಕೊಂಡು ಕೇಳಲಿ ಎಂದು ಯೋಚಿಸಲೂ ಅವಳಿಗೆ ಬಿಡುವಿರಲಿಲ್ಲ, ಓಡಿದಳು. ಚಲುವಮ್ಮ ಕೇಳಿದವಳೇ ಎದ್ದಳು. ಗಂಡನಿಗೆ ನೊಗ ತೋರಿಸಿದಳು, ಚಿಕ್ಕ ಮಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ತಾನೂ ಗಾಡಿ ಹತ್ತಿದಳು. "ಒಬ್ರೇ ಹೆಂಗ್ ಹಿಡ್ಕೊಂಡ್ ಕೂರ್ತೀರ," ಎಂದಳು, ಅಷ್ಟೇ.

ಚಿಕ್ಕಿ ತಾನೂ ಬರುತ್ತೇನೆಂದು ಅಳುತ್ತಿದ್ದಳು. ಅವಳನ್ನು ಸುಮ್ಮನಿರಿಸಬೇಕಲ್ಲ. "ಹದಿಮೂರರ ಮಗ್ಗಿ ಹತ್ತು ಸಲ ಬರಿ. ಮುಗಿಯೋದ್ರೊಳ್ಗೆ ಬತ್ತೀನಿ," ಎಂದು ಸ್ಲೇಟು, ಡಬ್ಬಿ ಮುಂದಿಟ್ಟು ವಿಶಾಲಾಕ್ಷಮ್ಮ ಹೊರಟಳು. ಚಿಕ್ಕಿ ಕಣ್ಣೊರೆಸಿಕೊಂಡು ಕಾಲು ಮಡಚಿ ಕೂತಳು.

ಹೊಳೆ ತಿರುವಿನಲ್ಲಿ ಸಣ್ಣಸ್ವಾಮಿಯ ಮುಷ್ಟಿ ಸಡಿಲವಾಯಿತು. ಬೆಳಗಿನಿಂದ ಹಿಡಿದುಕೊಂಡಿದ್ದ ಬಳಪ ಜಾರಿ ಹುಲ್ಲಿನ ಮೇಲೆ ಬಿತ್ತು. ಚಲುವಮ್ಮ ಎತ್ತಿ ನೋಡಿದಳು. ತುದಿಯಲ್ಲಿ ಮಾಸಿದ ಹಳದಿ ದಾರ.

"ಇದು ನಮ್ ಗೌರೀದು," ಎಂದಳು. "ಇದನ್ನ ಇವ್ನು ಬಾಯಿಗ್ ಹಾಕ್ತಿದ್ನಾ ಟೀಚ್ರಮ್ಮ?"

ವಿಶಾಲಾಕ್ಷಮ್ಮ ಆ ದಾರವನ್ನು ನೋಡಿದಳು. ಬೇವು, ಕುದಿಸಿದ ನೀರು, ಹಾಕಿದ ಬಾಗಿಲು. ಮೂವತ್ತೆಂಟು ಬಾಯಿಗಳ ಎಂಜಲನ್ನು ತಾನೇ ಕಂಕುಳಲ್ಲಿ ಹೊತ್ತು ತಂದಿದ್ದಳು. ನಾಲಿಗೆಗೆ ಒತ್ತಿ ಬರೆಯಿರಿ ಎಂದು ಕಲಿಸಿದವಳೂ ತಾನೇ.

"ಚಿಕ್ಕಿ," ಎಂದಳು. "ಡಬ್ಬಿ ಚಿಕ್ಕಿ ಹತ್ರ ಇದೆ."

ಪುಟ್ಟಸ್ವಾಮಿ ಹಗ್ಗ ಎಳೆದು ಎತ್ತು ನಿಲ್ಲಿಸಿದ. ಹಿಂದೆ ತಿರುಗಿದರೆ ಬಸ್ಸು ತಪ್ಪುತ್ತದೆ. ತೊಡೆಯ ಮೇಲಿನ ಮಗುವಿನ ಉಸಿರು ಆಗಲೇ ಕರಕರ ಎನ್ನುತ್ತಿತ್ತು. ಚಲುವಮ್ಮ ಗಾಡಿಯಿಂದ ಧುಮುಕಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ನಿಲ್ಲುಸ್ಬೇಡ, ಹೊಡಿ," ಎಂದಳು ಗಂಡನಿಗೆ. "ಅವಳ್ನ ನಾನ್ ನೋಡ್ಕತೀನಿ ಟೀಚ್ರಮ್ಮ, ನೀವ್ ಹೋಗಿ." ಬಂದ ದಾರಿಯಲ್ಲೇ ಓಡತೊಡಗಿದಳು.

ಗಾಡಿ ಮುಂದೆ ಹೋಯಿತು. ವಿಶಾಲಾಕ್ಷಮ್ಮ ಮಗನನ್ನು ಎದೆಗೆ ಅವುಚಿಕೊಂಡು, ಓಡುವವಳು ತಿರುವಿನಲ್ಲಿ ಮರೆಯಾಗುವವರೆಗೆ ನೋಡಿದಳು. ಇಷ್ಟು ಹೊತ್ತಿಗೆ ಚಿಕ್ಕಿ ಎಷ್ಟು ಸಲ ಮಗ್ಗಿ ಬರೆದಿರಬಹುದು? ಮೂರು? ನಾಲ್ಕು? ಒಂದೇ ಒಂದು ಸಲ ಅವ್ವ ಹೇಳಿದ ಮಾತು ಅವಳು ಮೀರಲಿ, ಬಳಪ ಬಿಸಾಕಿ ಅಂಗಳಕ್ಕೆ ಆಡಲು ಹೋಗಲಿ ಎಂದು ಕಂಡ ದೇವರಿಗೆಲ್ಲ ಬೇಡಿಕೊಂಡಳು. ಆದರೆ ಚಿಕ್ಕಿ ಹೇಳಿದ ಮಾತು ಮೀರುವ ಮಗುವಲ್ಲ.