ಇರ್ಲಿ ಅಂದಿದ್ದಕ್ಕೆ ಬಿದ್ದ ತೂತು

ಟೋಕಿಯೋದ ಒಚನೊಮಿಜು ಇಳಿಜಾರಿನ ಗಿಟಾರ್ ಅಂಗಡಿಯಲ್ಲಿ ಯಗಿನುಮ ಶೋಗೊ ಕೆಲಸಕ್ಕೆ ಸೇರಿದ್ದು ತಾನೊಬ್ಬ ದೊಡ್ಡ ವಾದಕನಾಗುತ್ತೇನೆಂಬ ಭ್ರಮೆಯಲ್ಲಿ. ಹುಟ್ಟೂರು ಹಿರೊಸಾಕಿಯಿಂದ ಕಟ್ಟಿಕೊಂಡು ಬಂದ ಬ್ಯಾಂಡು ಇಲ್ಲಿನ ಮೊದಲ ಬೇಸಿಗೆಗೇ ಕರಗಿಹೋಯಿತು. ಡ್ರಮ್ ಬಾರಿಸುತ್ತಿದ್ದವನು ಈಗ ಲಿಫ್ಟ್ ರಿಪೇರಿ ಮಾಡುತ್ತಾನೆ. ಶೋಗೊ ಮಾತ್ರ ಸಂಗೀತದಲ್ಲೇ ಉಳಿದಿದ್ದಾನೆ. ಅಂದರೆ, ಊರವರೆಲ್ಲ ಮುಟ್ಟಿ ಹೋದ ಗಿಟಾರುಗಳ ಮೇಲಿನ ಬೆರಳಚ್ಚು ಒರೆಸುತ್ತಾನೆ.

ಅದೊಂದು ಶನಿವಾರ. ಅವನ ಕೆಲಸದ ಗುತ್ತಿಗೆ ಮುಗಿಯುತ್ತ ಬಂದಿತ್ತು. ಷಟರ್ ಎತ್ತುವಾಗಲೇ ಮ್ಯಾನೇಜರ್ ಕಜಿತಾನಿ ಹೇಳಿದ್ದರು: "ಸಂಜೆ ಹೆಡ್ ಆಫೀಸಿಗೆ ನಿನ್ ಬಗ್ಗೆ ಬರೀಬೇಕು ಕಣೋ. ಖಾಯಂ ಮಾಡಿ ಅನ್ನೋಕೆ ನಂಗೂ ಒಂದು ನೆಪ ಬೇಕಲ್ಲ. ಹೊಸ ಮಾಡೆಲಲ್ಲಿ ದೊಡ್ಡ ಬೆಲೆದೊಂದನ್ನ ಸಾಗಹಾಕು."

ಮಧ್ಯಾಹ್ನ ಬಂದವರು ಕುರೆಬಯಾಶಿ ಎಂಬ ಐವತ್ತರ ಹೆಂಗಸು. ಹುಟ್ಟಿದ್ದು ಕ್ಯೋಟೋ, ಈಗ ಇಲ್ಲೇ ಹಲ್ಲಿನ ಆಸ್ಪತ್ರೆಯೊಂದರಲ್ಲಿ ನರ್ಸು. ಆಸ್ಪತ್ರೆಯವರೇ ಸೇರಿ ಬ್ಯಾಂಡು ಕಟ್ಟಿದ್ದಾರಂತೆ. ಶೋಗೊ ಮೂರು ಗಿಟಾರುಗಳನ್ನು ಸಾಲಾಗಿ ನಿಲ್ಲಿಸಿದ.

"ಈ ಕರೀದು ತೊಂಬತ್ತೆಂಟು ಸಾವಿರ ಯೆನ್ ಮೇಡಂ. ಹೊಳಪಿಲ್ಲದ ಬಣ್ಣ, ಕೈ ಸಲೀಸಾಗಿ ಜಾರುತ್ತೆ, ಹಗುರ. ನೀಲಿದು ಒಂದು ಲಕ್ಷ ಅರವತ್ತು ಸಾವಿರ. ದಪ್ಪ ಹೊಳಪು, ಸ್ವರ ಅಲ್ಲಾಡಿಸೋಕೆ ಸರಳು ಇದೆ. ಇದು..." ಜೇನು ಬಣ್ಣದ್ದನ್ನು ಅವನು ಎರಡೂ ಕೈಯಲ್ಲಿ ಎತ್ತಿದ. "ಎರಡು ಲಕ್ಷ ಎಂಬತ್ತು ಸಾವಿರ. ತೆಳುವಾದ ಲ್ಯಾಕರ್ ಮೆರುಗು. ಮರ ಉಸಿರಾಡುತ್ತೆ."

ಮರ ಉಸಿರಾಡುವುದನ್ನು ಅವನು ಇದುವರೆಗೆ ಕೇಳಿರಲಿಲ್ಲ. ಕ್ಯಾಟಲಾಗಿನಲ್ಲಿ ಓದಿದ್ದ.

"ಭಾರ ಇದೆಯಲ್ಲಪ್ಪ."

"ಭಾರ ಇದ್ರೇನೇ ಸದ್ದು ಕೊನೇವರೆಗೂ ನಿಲ್ಲೋದು ಮೇಡಂ."

"ಸದ್ದು ನಿಲ್ಲುತ್ತೆ, ನಾನು ನಿಲ್ತೀನಾ?" ಆಕೆ ನಕ್ಕರು. "ನಮ್ಮದು ದಿನವಿಡೀ ಕೈಗೆ ಸ್ಪಿರಿಟ್ ಹಚ್ಚಿಕೊಳ್ಳೋ ಕೆಲಸ. ಬಣ್ಣಕ್ಕೇನೂ ಆಗಲ್ಲ ತಾನೆ?"

ಲ್ಯಾಕರ್ ಮೇಲೆ ಸ್ಪಿರಿಟ್ ಬಿದ್ದರೆ ಬಣ್ಣ ಮಂಕಾಗಿ ಏಳುತ್ತದೆ ಎಂಬುದು ಆ ಬೀದಿಯ ಪ್ರತಿ ಅಂಗಡಿಯವನಿಗೂ ಗೊತ್ತು. ಗಲ್ಲಾದ ಹಿಂದಿನಿಂದ ಕಜಿತಾನಿ ನೋಡುತ್ತಿದ್ದರು. "ಒರೆಸಿಟ್ಕೊಂಡ್ರೆ ಆಯ್ತು," ಎಂದುಬಿಟ್ಟ ಶೋಗೊ. ಕಿವಿ ಬಿಸಿಯಾಯಿತು.

ಆಕೆ ಮೂರನ್ನೂ ಇನ್ನೊಮ್ಮೆ ನುಡಿಸಿ ನೋಡಿ, ಜೇನು ಬಣ್ಣದ್ದರ ಮುಂದೆ ನಿಂತರು. "ಇದನ್ನೇ ತಗೊಳ್ತೀನಿ."

ಆ ಮಾಡೆಲಿನ ಜೊತೆ ಒಂದು ಪ್ಲಾಸ್ಟಿಕ್ ಗಾರ್ಡ್ ಬಿಡಿಯಾಗಿ ಬರುತ್ತದೆ. ನುಡಿಸುವ ಕೈ ಗೀಚದಂತೆ ಗಿಟಾರಿನ ಮುಖಕ್ಕೆ ಅದನ್ನು ತಿರುಪು ಹಾಕಿ ಕೂರಿಸಬೇಕು. ತೂತು ಕೊರೆದ ಮೇಲೆ ಮುಗಿಯಿತು, ಮುಚ್ಚಲಾಗದು. ಹಾಗಾಗಿಯೇ ಕೇಳುವುದು ಪದ್ಧತಿ.

"ಗಾರ್ಡ್ ಹಾಕಿಸಿಕೊಡ್ಲಾ ಮೇಡಂ?"

ಆಕೆ ಮುಗುಳ್ನಕ್ಕು, ತಲೆಯನ್ನು ಒಂಚೂರು ಬಾಗಿಸಿ ಅಂದರು: "ಇರ್ಲಿ."

ಶೋಗೊ ಗಿಟಾರನ್ನು ಮೂರನೇ ಮಹಡಿಯ ರಿಪೇರಿ ಕೋಣೆಗೆ ಮುಟ್ಟಿಸಿ ಬಂದು ಚಹಾ ತಂದಿಟ್ಟ. ಗಲ್ಲಾದಿಂದ ಕಜಿತಾನಿ ಕಣ್ಣಲ್ಲೇ ಶಭಾಷ್ ಅಂದರು. ಖಾಯಂ ನೌಕರನಾದ ಮೇಲೆ ಅಮ್ಮನಿಗೆ ಫೋನಿನಲ್ಲಿ ಯಾವ ದನಿಯಲ್ಲಿ ಹೇಳಬೇಕೆಂದು ಕೂಡ ಅವನು ಮನಸ್ಸಿನಲ್ಲೇ ಅಭ್ಯಾಸ ಮಾಡಿಕೊಂಡ.

ಆಕೆ ಚಹಾ ಹೀರಿ ಹೇಳಿದರು: "ಆ ಮರದ ಗೆರೆಗಳು ಎಷ್ಟು ಚೆಂದ ಅಲ್ವಾ. ಮುಖದ ಮೇಲೆ ಒಂದು ತೂತಿಲ್ಲ, ಏನಿಲ್ಲ. ಅದಕ್ಕೇ ಮನಸೋತಿದ್ದು ನಾನು."

ಶೋಗೊನ ಕೈಯಲ್ಲಿದ್ದ ತಟ್ಟೆ ನಿಂತಲ್ಲೇ ನಿಂತಿತು. ಇರ್ಲಿ. ಹಾಕಿದ್ದಿರಲಿ ಅಂತಲೋ, ಹಾಕೋದೇನೂ ಬೇಡ ಇರಲಿ ಬಿಡಿ ಅಂತಲೋ? ಬೇಡ ಅನ್ನುವುದನ್ನೂ ನಯವಾಗಿ ಸುತ್ತಿಬಳಸಿ ಹೇಳುವ ಕ್ಯೋಟೋದವರ ಬಾಯಲ್ಲಿ! ಮೇಲಿನಿಂದ ಡ್ರಿಲ್ಲಿನ ಕೀರಲು ಸದ್ದು ಸಣ್ಣಗೆ ಕೇಳಿಬಂತು.

ಅವನು ಮೆಟ್ಟಿಲುಗಳನ್ನು ಹತ್ತಲಿಲ್ಲ, ಮೂರುಮೂರಾಗಿ ನುಂಗಿದ. "ಸುಗಯಾ ಸಾರ್, ನಿಲ್ಸಿ! ನಿಲ್ಸಿ!"

ರಿಪೇರಿಯ ಸುಗಯಾ ಡ್ರಿಲ್ ಎತ್ತಿ ಕನ್ನಡಕದ ಮೇಲಿಂದ ನೋಡಿದರು. "ಏನೋ, ಬೆಂಕಿ ಬಿತ್ತಾ?"

"ಎಷ್ಟಾಯ್ತು?"

"ಎರಡರಲ್ಲಿ ಒಂದು. ಇನ್ನೊಂದಕ್ಕೆ ಈಗ ಗುರುತು ಹಾಕ್ತಿದ್ದೆ." ಮರದ ಪುಡಿಯನ್ನು ಊದಿದರು. ಜೇನು ಬಣ್ಣದ ನಡುವೆ ಇರುವೆ ಕಣ್ಣಿನಂಥ ಕರಿ ಚುಕ್ಕೆ. "ಅವ್ರೇ ಹೇಳಿದ್ರು ಅಂದ್ಯಲ್ಲೋ?"

"ಅವ್ರು ಹೇಳಿದ್ದು ಒಂದು, ನನಗೆ ಬೇಕಾದ ಹಾಗೆ ಕೇಳಿಸಿದ್ದು ಇನ್ನೊಂದು."

ಕೆಳಗಿಳಿಯುವಾಗ ಅವನ ತಲೆಯಲ್ಲಿ ಸುಳ್ಳುಗಳು ಕ್ಯೂ ನಿಂತಿದ್ದವು. ಕಾರ್ಖಾನೆಯಲ್ಲೇ ಹಾಗಿತ್ತು ಅನ್ನಬಹುದು. ಗಾರ್ಡನ್ನೇ ಹಾಕಿ ತಂದು, ನೀವೇ ಇರ್ಲಿ ಅಂದಿರಲ್ಲ ಮೇಡಂ ಎಂದು ಸಾಧಿಸಬಹುದು. ಕ್ಯೋಟೋದ ಹೆಂಗಸು, ಎದುರು ನಿಂತು ಜಗಳಕ್ಕೆ ಇಳಿಯುವವರಲ್ಲ. ದುಡ್ಡು ಕೊಟ್ಟು, ನಗುತ್ತಲೇ ಹೋಗಿ, ಮತ್ತೆಂದೂ ಈ ಬೀದಿಗೆ ಕಾಲಿಡುವುದಿಲ್ಲ. ಅಷ್ಟರಲ್ಲಿ ಹೆಡ್ ಆಫೀಸಿಗೆ ಪತ್ರ ಹೋಗಿರುತ್ತದೆ.

ಗಿಟಾರನ್ನು ಆಕೆಯ ಮುಂದಿಟ್ಟು ಅವನು ಸೊಂಟ ಬಾಗಿಸಿ ನಿಂತ. "ತೂತು ಬಿತ್ತು ಮೇಡಂ. ನೀವು ಬೇಡ ಅಂದಿದ್ದನ್ನ ನಾನು ಹೂಂ ಅಂತ ತಿಳ್ಕೊಂಡೆ. ತಪ್ಪು ನಂದು." ತಲೆಯೆತ್ತದೆಯೇ ಸೇರಿಸಿದ: "ಇನ್ನೂ ಒಂದಿದೆ. ಈ ಬಣ್ಣಕ್ಕೆ ಸ್ಪಿರಿಟ್ ಆಗಲ್ಲ. ಸ್ಪಿರಿಟ್ ತಡ್ಕೊಂಡು ನಿಮ್ಮ ಕೈಗೆ ಒಗ್ಗೋದು ಆ ಕರೀದೇ."

ಗಲ್ಲಾದ ಕಡೆಯಿಂದ ಕಜಿತಾನಿ ಕೆಮ್ಮಿದರು.

ಆಕೆ ಬಗ್ಗಿ ಆ ಚುಕ್ಕೆಯನ್ನು ಬೆರಳ ತುದಿಯಿಂದ ಸವರಿದರು. ಆಮೇಲೆ, "ಅಷ್ಟು ದುಬಾರಿ ಸಾಮಾನು ಮಾರೋ ಮುಂಚೆಯೇ ಸ್ಪಿರಿಟ್ ವಿಷಯ ಹೇಳಬಾರದಿತ್ತೇನಪ್ಪ?" ಎಂದರು. ಮುಖದಲ್ಲಿ ನಗು ಇರಲಿಲ್ಲ. "ಇದು ಬೇಡ. ಕರೀದು ಕೊಡಿ."

ಆಕೆ ಹೋದ ಮೇಲೆ ಕಜಿತಾನಿ ತೂತಿನ ಗಿಟಾರನ್ನು ಬೆಳಕಿಗೆ ಹಿಡಿದು ತಿರುಗಿಸಿದರು. "ಹೊಸದು ಅಂತ ಇನ್ನು ಮಾರೋ ಹಾಗಿಲ್ಲ. ನಾನೀಗ ಏನಂತ ಬರೀಲಿ, ಹೇಳು?"

"ಆಗಿದ್ದನ್ನೇ ಬರೀರಿ ಸಾರ್."

"ಆಗಿದ್ದನ್ನ ಬರೆದ್ರೆ ಖಾಯಂ ಆಗಲ್ಲ ಕಣೋ ಪೆದ್ದ."

"ಗೊತ್ತು ಸಾರ್."

ಕಜಿತಾನಿ ಪೆನ್ನಿನ ಹಿಂತುದಿಯಿಂದ ಕಿವಿ ಕೆರೆದುಕೊಂಡರು. "ಇನ್ನಾರು ತಿಂಗಳು ಗುತ್ತಿಗೆ ಕೇಳಿ ನೋಡ್ತೀನಿ. ಅಷ್ಟೇ ನನ್ ಕೈಲಾಗೋದು. ಹೋಗು, ಇದಕ್ಕೆ ಬೆಲೆ ಇಳಿಸಿದ ಚೀಟಿ ಅಂಟಿಸು. ಯಾಕೆ ಇಳಿಸಿದ್ದು ಅಂತ ಸ್ಪಷ್ಟವಾಗಿ ಬರಿ."

ಶೋಗೊ ಚೀಟಿ ಹಿಡಿದು ಕುಳಿತ. ಮುಖದ ಮೇಲೆ ತಿರುಪಿನ ತೂತು ಒಂದು, ಸದ್ದಿಗೆ ಬಾಧಕವಿಲ್ಲ ಎಂದು ಬರೆದ. ಅಮ್ಮನಿಗೆ ಹೇಳಲು ಬೇರೆ ದನಿ ಹುಡುಕಬೇಕಿತ್ತು.